ಮನೆದೇವರು, ಮೀಟರ್ ನಂಬರ್

ಉಚ್ಚೆಂಗಮ್ಮನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಚಿತ್ತವಾಡ್ಗಿಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರು ಒಂದು ದಿನ ಬಂದು ಅವಳ ಕುರ್ಚಿಯಲ್ಲಿ ಕೂತು ನೋಡಬೇಕು. ಬೆಳಗ್ಗೆ ಹತ್ತಕ್ಕೆ ಅವಳು ಮಾತಂಗ ನೆಟ್ ಆಫೀಸಿನ ಷಟರ್ ಎತ್ತುವಷ್ಟರಲ್ಲಿ ನಾಲ್ಕು ಜನ ಮೆಟ್ಟಿಲ ಮೇಲೆ ಕೂತಿರುತ್ತಾರೆ. ಒಬ್ಬನಿಗೆ ಇ-ಮೇಲ್ ಬರುತ್ತಿಲ್ಲ, ಒಬ್ಬಳಿಗೆ ಹೋಗುತ್ತಿಲ್ಲ, ಇನ್ನೊಬ್ಬನಿಗೆ ಬಂದದ್ದು ಕಾಣುತ್ತಿಲ್ಲ. ನಾಲ್ಕನೆಯವನ ಮನೆಯಲ್ಲಿ ಕರೆಂಟ್ ಹೋಗಿದೆ ಅಷ್ಟೆ, ಆದರೂ ಬಂದಿದ್ದಾನೆ. "ಏನ್ ಮಾಡೀರಿ ಇದಕ್ಕ?" ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ನಾ ಏನೂ ಮಾಡಿಲ್ರಿ." ಏನೂ ಮಾಡದೆ ಕೆಟ್ಟ ಮೇಲ್ ಒಂದನ್ನಾದರೂ ತೋರಿಸಿ ಎಂದು ಉಚ್ಚೆಂಗಮ್ಮ ಒಂಬತ್ತು ವರ್ಷದಿಂದ ಕೇಳುತ್ತಿದ್ದಾಳೆ. ಇನ್ನೂ ಯಾರೂ ತೋರಿಸಿಲ್ಲ.

ಅವಳು ಹುಟ್ಟಿದ್ದು ಕಂಪ್ಲಿ ತಾಲೂಕಿನ ಮೆಟ್ರಿಯಲ್ಲಿ. ಅಪ್ಪ ನೀರಗಂಟಿ. ಯಾರ ಗದ್ದೆಗೆ ಯಾವ ಹೊತ್ತಿಗೆ ಕಾಲುವೆ ನೀರು ತಿರುಗಿಸಬೇಕೆಂದು ನೋಡಿಕೊಳ್ಳುವ ಕೆಲಸ. ಊರಿನ ದೊಡ್ಡ ಕುಳಗಳು ಸರದಿ ತಪ್ಪಿಸಿ ನೀರು ಕೇಳಿದರೆ ಸಲಿಕೆ ಹೆಗಲಿಗಿಟ್ಟುಕೊಂಡು ತೂಬಿನ ಮೇಲೇ ಕೂತುಬಿಡುತ್ತಿದ್ದ. ಅಪ್ಪನ ಹೊಲ ಮಗಳಿಗೆ ಬರಲಿಲ್ಲ, ಹಟ ಮಾತ್ರ ಅಷ್ಟೂ ಬಂತು. ಪಿಯುಸಿ ಮುಗಿಸಿದ ವರ್ಷವೇ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಿದ್ದ ದುರುಗೇಶನ ಜೊತೆ ಮದುವೆಯಾಯಿತು. ಕೆಲವು ವರ್ಷಕ್ಕೆ ಗಣಿ ನಿಂತಿತು. ಟಿಪ್ಪರ್ ನಿಂತಿತು, ಗಂಡ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟ. ಇವನು ಎದ್ದು ಹೊರಡುವ ಹೊತ್ತಿಗೆ ನಾವೆಲ್ಲ ಮಣ್ಣಾಗಿರುತ್ತೇವೆ ಎಂದು ಉಚ್ಚೆಂಗಮ್ಮ ಸೀರೆ ಸೆರಗು ಸಿಕ್ಕಿಸಿಕೊಂಡು ಕೇಬಲ್ ಟಿವಿಯವರ ಆಫೀಸಿಗೆ ಕೆಲಸಕ್ಕೆ ಸೇರಿದಳು. ಕೇಬಲ್ಲಿನ ಜಾಗಕ್ಕೆ ನೆಟ್ ಬಂದಾಗ ಮಾಲೀಕ ಯಲ್ಲೇಶ್ ಅವಳನ್ನು ಕೌಂಟರಿನಲ್ಲಿ ಕೂರಿಸಿದ.

ಯಲ್ಲೇಶ್ ಅವಳಿಗಿಂತ ಆರು ವರ್ಷ ಚಿಕ್ಕವನು, ಬುದ್ಧಿ ಮಾತ್ರ ವ್ಯಾಪಾರಕ್ಕೆ ತಕ್ಕಷ್ಟು ದೊಡ್ಡದು. ದೊಡ್ಡ ಕಂಪನಿಗಳ ಎದುರು ನಿಲ್ಲಬೇಕಾದರೆ ಏನಾದರೂ ಹೆಚ್ಚಿಗೆ ಕೊಡಬೇಕು ಎಂದು ಯೋಚಿಸಿ, ಮನೆಗೆ ನೆಟ್ ಹಾಕಿಸಿದವರಿಗೆಲ್ಲ ಕಂಪನಿಯ ಹೆಸರಿನಲ್ಲೇ ಐದು ಮೇಲ್ ವಿಳಾಸ ಉಚಿತ ಎಂದು ಬೋರ್ಡು ಬರೆಸಿದ. ಮೇಲ್ ನಡೆಸುವ ಯಂತ್ರ ಆಫೀಸಿನ ಹಿಂದಿನ ಕೋಣೆಯಲ್ಲಿ ಗುಂಯ್ ಎನ್ನುತ್ತಾ ಕೂತಿತು. ಅದನ್ನು ಕೂರಿಸಲು ಬಂದ ಇಂಜಿನಿಯರ್ ಮೂರು ದಿನ ಉಚ್ಚೆಂಗಮ್ಮನಿಗೆ ಪಾಠ ಹೇಳಿ ಊರು ಬಿಟ್ಟ. ಮೇಲ್ ಬರುವುದಕ್ಕೊಂದು ಬಾಗಿಲು, ಹೋಗುವುದಕ್ಕೊಂದು ಬಾಗಿಲು, ಎರಡಕ್ಕೂ ಬೇರೆ ಬೇರೆ ನಂಬರ್ ಎಂಬಷ್ಟು ತಿಳಿದಿತ್ತು. ಮಿಕ್ಕಿದ್ದನ್ನು ಅವಳು ಜನರ ಬೈಗುಳ ತಿಂದೇ ಕಲಿತಳು.

ಹೆಚ್ಚು ಬೈಗುಳ ತಿನ್ನಿಸಿದ್ದು ಪಾಸ್‌ವರ್ಡ್. ಕಂಪ್ಯೂಟರ್ ಕೊಟ್ಟ ಪಾಸ್‌ವರ್ಡನ್ನು ಜನ ಮನೆ ಮುಟ್ಟುವುದರೊಳಗೆ ಮರೆಯುತ್ತಿದ್ದರು. ಚೀಟಿಯಲ್ಲಿ ಬರೆದುಕೊಟ್ಟರೆ ಚೀಟಿ ಅಂಗಿಯ ಜೊತೆ ಒಗೆದು ಹೋಗುತ್ತಿತ್ತು. ಟಿ.ಬಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿದ್ದ ಜಂಬುನಾಥ್ ಎಂಬ ನಿವೃತ್ತ ನೌಕರರು ಒಂದೇ ತಿಂಗಳಲ್ಲಿ ಆರು ಸಲ ಮರೆತು, ಆರನೇ ಸಲ ಕೌಂಟರ್ ಗುದ್ದಿ ಕೂಗಾಡಿದರು. ಉಚ್ಚೆಂಗಮ್ಮನಿಗೂ ತಡೆಯಲಿಲ್ಲ.

"ನಿಮ್ಮ ಮನಿದೇವ್ರ ಹೆಸರರ ನೆನಪೈತಿಲ್ರಿ, ಇಲ್ಲ ಅದನ್ನೂ ಮರ್ತೀರೋ?" ಎಂದು ಕೇಳಿದಳು.

"ಅದನ್ನ ಯಾವನರ ಮರೀತಾನೇನವ್ವ? ಹುಲಿಗೆಮ್ಮ."

ಸರಿ, ಹುಲಿಗೆಮ್ಮ ಎಂದೇ ಒತ್ತಿದಳು. ಯಂತ್ರ ಅಂಕಿಯೂ ಬೇಕೆಂದಿತು. ವಿಳಾಸದ ದಾಖಲೆಗೆಂದು ಅವರು ತಂದಿದ್ದ ಕರೆಂಟ್ ಬಿಲ್ಲು ಎದುರಿಗೇ ಇತ್ತು, ಅದರಲ್ಲಿದ್ದ ಮೀಟರ್ ನಂಬರನ್ನು ಹಿಂದೆ ಸೇರಿಸಿದಳು. ಜಂಬುನಾಥ್ ಮತ್ತೆ ಆ ಕೆಲಸಕ್ಕೆ ಬರಲಿಲ್ಲ. ಅಂದಿನಿಂದ ಚಿತ್ತವಾಡ್ಗಿ, ಡ್ಯಾಂ, ಹಂಪಿ ಕಡೆಯ ಲಾಡ್ಜುಗಳು, ಎಲ್ಲರಿಗೂ ಅದೇ ಪದ್ಧತಿ. ಮನೆದೇವರ ಹೆಸರು ಹೇಳಿ, ಮೀಟರ್ ನಂಬರ್ ಹೇಳಿ, ಮುಂದಿನವರು ಬನ್ನಿ. ಮೀಟರ್ ನಂಬರಂತೂ ಬಾಗಿಲ ಪಕ್ಕ ಬಣ್ಣದಲ್ಲೇ ಬರೆದಿರುತ್ತದೆ, ಮರೆತರೆ ಹೊರಗೆ ಬಂದು ನೋಡಿಕೊಂಡರಾಯಿತು. ಬೇರೆ ಊರಿನ ನೆಟ್ ಆಫೀಸಿನವರು ಇದನ್ನು ಕೇಳಿ ನಕ್ಕರು, ಉಚ್ಚೆಂಗಮ್ಮ ಮಾತ್ರ ಈ ಉಪಾಯದ ಬಗ್ಗೆ ಬಹಳ ಹೆಮ್ಮೆಪಟ್ಟುಕೊಂಡಿದ್ದಳು. ಸಾವಿರದ ನಾನೂರು ಮೇಲ್ ವಿಳಾಸಗಳನ್ನು ಅವಳು ಹೀಗೇ ಕಟ್ಟಿದ್ದಳು.

ಈ ವರ್ಷ ಒಂದು ಗುರುವಾರ ಹನ್ನೊಂದರ ಸುಮಾರಿಗೆ ಸೌಜನ್ಯ ಬಂದಳು. ಅಕ್ಕಿ ಮಿಲ್ಲಿನ ಜಡೆಪ್ಪ ಸಾವ್ಕಾರರ ಸೊಸೆ. ಎರಡು ವರ್ಷದ ಹಿಂದೆ ಅವರ ಮಗ ಬಸವಕುಮಾರನನ್ನು ಮದುವೆಯಾಗಿ ಕೂಡ್ಲಿಗಿ ಕಡೆಯಿಂದ ಬಂದವಳು. ಲ್ಯಾಬ್ ಟೆಕ್ನಿಷಿಯನ್ ಓದಿ, ಮದುವೆಗೆ ಮುಂಚೆ ರಕ್ತಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ಆವತ್ತು ಅವಳ ತುಟಿ ಒಣಗಿತ್ತು.

"ಅಕ್ಕ, ನನ್ನ ಮೇಲ್ ಕೆಟ್ಟೈತಿ," ಎಂದಳು.

"ಏನ್ ಮಾಡೀ ಅದಕ್ಕ?"

"ನಾ ಏನೂ ಮಾಡಿಲ್ಲ."

ಉಚ್ಚೆಂಗಮ್ಮ ಎಂದಿನಂತೆ ರೇಗುವುದಕ್ಕೆ ಬಾಯಿ ತೆರೆದವಳು ಆ ಹುಡುಗಿಯ ಮುಖ ನೋಡಿ ಕುರ್ಚಿ ತೋರಿಸಿದಳು. ಸೌಜನ್ಯ ಹೇಳಿದ್ದಿಷ್ಟು: ಸಂಡೂರಿನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿಗೆ ಅರ್ಜಿ ಹಾಕಿದ್ದಳು. ಸಂದರ್ಶನ ಚೆನ್ನಾಗಿ ಆಯಿತು, ಮೇಲಿನಲ್ಲಿ ತಿಳಿಸುತ್ತೇವೆ ಎಂದಿದ್ದರು. ದಿನಾ ತೆರೆದು ನೋಡಿದರೂ ಏನೂ ಬರಲಿಲ್ಲ. ಕಾದು ಕಾದು ಇವತ್ತು ಫೋನ್ ಮಾಡಿದರೆ ಅಲ್ಲಿನ ಮೇಡಂ, ಕೆಲಸ ನಿಮಗೇ ಕೊಟ್ಟಿದ್ದೆವು, ನೀವೇ ಬೇಡ ಎಂದು ಬರೆದಿದ್ದೀರಿ, ನಾಳೆ ಮಧ್ಯಾಹ್ನ ಪಟ್ಟಿಯ ಎರಡನೆಯವರ ನೇಮಕದ ಆದೇಶಕ್ಕೆ ಸಹಿ ಬೀಳುತ್ತದೆ ಎಂದರಂತೆ.

"ನಾ ಎಲ್ಲಿ ಬರ್ದೀನಕ್ಕ? ನನಗ ಮೇಲ್ ಬಂದೇ ಇಲ್ಲ."

ಉಚ್ಚೆಂಗಮ್ಮ ಕಂಪ್ಯೂಟರನ್ನು ತನ್ನ ಕಡೆ ಎಳೆದುಕೊಂಡಳು. ಬಂದ ಮೇಲುಗಳಲ್ಲಿ ಇಲ್ಲ. ಕಸದ ಮೇಲುಗಳಲ್ಲಿ ಇಲ್ಲ. ಕಳಿಸಿದ್ದರಲ್ಲೂ ಇಲ್ಲ. ಜಾಗ ತುಂಬಿ ಮೇಲ್ ವಾಪಸು ಹೋಗಿದೆಯೇ ಎಂದು ನೋಡಿದಳು, ಅದೂ ಅಲ್ಲ. ಕೊನೆಗೆ ಗ್ರಾಹಕರಿಗೆ ಗೊತ್ತಿಲ್ಲದ ಒಂದು ಜಾಗ ತೆರೆದಳು. ಜನ ಅಳಿಸಿ ಹಾಕಿದ ಮೇಲುಗಳನ್ನು ಹಿಂದಿನ ಕೋಣೆಯ ಯಂತ್ರ ಒಂದು ತಿಂಗಳು ಇಟ್ಟುಕೊಂಡಿರುತ್ತದೆ. ಅಲ್ಲಿ ಆಸ್ಪತ್ರೆಯ ಮೇಲ್ ಸಿಕ್ಕಿತು, ಬಂದು ಇಪ್ಪತ್ತೆರಡು ದಿನವಾಗಿತ್ತು. ಅದರ ಕೆಳಗೇ ಅದೇ ಸಂಜೆ ಹೋದ ಉತ್ತರ, ಕನ್ನಡದಲ್ಲಿ: "ಮಾನ್ಯರೇ, ನನಗೆ ಈ ಕೆಲಸದ ಅವಶ್ಯಕತೆ ಇರುವುದಿಲ್ಲ. ನಮ್ಮದು ದೊಡ್ಡ ಮನೆತನ. ಹೊರಗೆ ಹೋಗಿ ದುಡಿಯುವ ಪದ್ಧತಿ ಇರುವುದಿಲ್ಲ. ಬೇರೆಯವರಿಗೆ ಕೊಡತಕ್ಕದ್ದು. ಇಂತಿ, ಸೌಜನ್ಯ."

ಸೌಜನ್ಯ ಎರಡು ಸಲ ಓದಿದಳು. "ಇದು ಮಾವಾರ ಮಾತು," ಎಂದಳು ಮೆಲ್ಲಗೆ. "ಮಿಲ್ಲಿನ ಕಾಗದ ಎಲ್ಲ ಹಿಂಗ ಹೇಳಿ ಬರೆಸ್ತಾರ. ಈಗ ಫೋನಿನಾಗ ಬಾಯಿಲೆ ಹೇಳಿದ್ರ ತಾನ ಟೈಪ್ ಆಗತೈತಲ್ಲ."

ಉಚ್ಚೆಂಗಮ್ಮನ ಮೈ ಉರಿಯಿತು. ಬೇಡ ಎನ್ನುವುದಿದ್ದರೆ ಸೊಸೆಯ ಎದುರಿಗೆ ಕೂತು ಬೇಡ ಎನ್ನಬಹುದಿತ್ತು. ಬೈಯಬಹುದಿತ್ತು, ಜಗಳ ಆಡಬಹುದಿತ್ತು. ಅವಳೂ ಎದುರು ಮಾತಾಡುತ್ತಿದ್ದಳು, ಮನೆ ಎಂದ ಮೇಲೆ ಅದೆಲ್ಲ ಇದ್ದದ್ದೇ. ಅದು ಬಿಟ್ಟು ಅವಳದೇ ಹೆಸರಿನಲ್ಲಿ, ಅವಳದೇ ಬಾಯಿಂದ ಬೇಡ ಎನ್ನಿಸುವುದು ಎಂಥ ಗಂಡಸುತನ? ಇಪ್ಪತ್ತೆರಡು ದಿನ ಆ ಹುಡುಗಿ ಬಡಿಸಿದ ರೊಟ್ಟಿ ತಿನ್ನುತ್ತಾ, ಅವಳು ಫೋನ್ ತೆಗೆದು ತೆಗೆದು ನೋಡುವುದನ್ನು ನೋಡುತ್ತಾ ಸುಮ್ಮನಿದ್ದನಲ್ಲ ಆ ಮನುಷ್ಯ ಎಂದು ಅವಳು ಹಲ್ಲು ಕಡಿದಳು.

"ನಿನ್ನ ಮೇಲು ಅವರ ಫೋನಿನಾಗ ಹೆಂಗ ಹೋತು? ಅವರಿಗೆ ಇದನ್ನ ಹಾಕಾಕ ಬರಂಗಿಲ್ಲ. ಯಾವನೋ ಹಾಕಿ ಕೊಟ್ಟಾನ. ಅವನ ಕೈ ಮುರೀತೀನಿ ನೋಡು," ಎಂದಳು ಉಚ್ಚೆಂಗಮ್ಮ.

ಯಾವ ಮೇಲನ್ನು ಯಾವ ಫೋನಿನಲ್ಲಿ, ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದ ನೆಟ್ಟಿನಿಂದ ಮೊದಲು ತೆರೆದರು ಎಂಬುದನ್ನೆಲ್ಲ ಆ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಅವಳು ಆ ಪಟ್ಟಿ ತೆಗೆದಳು. ಸೌಜನ್ಯಳ ಮೇಲ್ ಎರಡು ಫೋನಿನಲ್ಲಿತ್ತು. ಒಂದು ಅವಳದು. ಇನ್ನೊಂದಕ್ಕೆ ಸೇರಿದ್ದು ಹೋದ ತಿಂಗಳ ಹನ್ನೆರಡು, ಮಂಗಳವಾರ, ಬೆಳಗ್ಗೆ ಹನ್ನೊಂದು ನಲವತ್ತು. ನೆಟ್ಟಿನ ಜಾಗ ಎಂಬಲ್ಲಿ ಮಾತಂಗ ನೆಟ್ ಆಫೀಸು ಎಂದಿತ್ತು.

ಉಚ್ಚೆಂಗಮ್ಮ ಅದನ್ನು ಮತ್ತೊಮ್ಮೆ ಓದಿದಳು. ಆ ಹೊತ್ತಿನಲ್ಲಿ ಲೈನಿನ ಕೆಲಸದವರು ಕಂಬಗಳ ಮೇಲಿರುತ್ತಾರೆ. ಯಲ್ಲೇಶ್ ಎರಡು ಗಂಟೆಗೆ ಮುಂಚೆ ಬರುವವನಲ್ಲ. ಆಫೀಸಿನಲ್ಲಿ ಇರುವವಳು ಅವಳೊಬ್ಬಳೇ.

ಆಗ ನೆನಪಾಯಿತು. ಜಡೆಪ್ಪ ಸಾವ್ಕಾರರು ಹೊಸ ಫೋನ್ ಹಿಡಿದುಕೊಂಡು ಬಂದಿದ್ದರು. ಸರದಿಯಲ್ಲಿದ್ದವರನ್ನು ಗದರಿಸಿ ಅವರಿಗೆ ಕುರ್ಚಿ ಹಾಕಿದವಳು ಅವಳೇ. "ನಮ್ಮ ಮನ್ಯಾಗಿನ ಮೇಲ್ ಅಷ್ಟೂ ಇದರಾಗ ಬರಂಗ ಮಾಡವ್ವ," ಎಂದಿದ್ದರು. ಕೇಳುವ ಮೊದಲೇ ಮನೆದೇವರು ಕೊಟ್ಟೂರೇಶ ಎಂದಿದ್ದರು, ಮೀಟರ್ ನಂಬರ್ ಹೇಳಿದ್ದರು. ಒಂದು ಮನೆಗೆ ಐದು ಮೇಲ್, ದೇವರು ಮಾತ್ರ ಒಬ್ಬನೇ, ಮೀಟರೂ ಒಂದೇ. ಒಂದು ಚಹಾ ಕುಡಿಯುವಷ್ಟರಲ್ಲಿ ಐದನ್ನೂ ಅವಳು ಆ ಫೋನಿಗೆ ಇಳಿಸಿಕೊಟ್ಟಿದ್ದಳು. ಯಾವುದು ಯಾರದು ಎಂದು ಕೇಳಿರಲಿಲ್ಲ. ಅದು ಸೌಜನ್ಯ ಸಂದರ್ಶನಕ್ಕೆ ಹೋಗಿಬಂದ ಮೂರನೆಯ ದಿನ.

ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಸಿಟ್ಟನ್ನು ಯಾರ ಮೇಲಾದರೂ ಎಸೆದು ಹಗುರಾಗುವ ಹೆಂಗಸು ಆವತ್ತು ಅದನ್ನು ಎಸೆಯಲು ಜಾಗವಿಲ್ಲದೆ ಕೂತಳು. ಒಂದು ಕ್ಷಣ ಸುಳ್ಳು ಹೇಳೋಣ ಎಂದೂ ಅನ್ನಿಸಿತು. ಪಟ್ಟಿ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿತ್ತು, ಕೂತಲ್ಲಿಂದ ಹುಡುಗಿಗೆ ಓದಲಾಗುವಂತಿರಲಿಲ್ಲ. ತೂಬಿನ ಮೇಲೆ ಕೂತ ಅಪ್ಪನ ಮಗಳಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ಸೌಜನ್ಯ, ನಾನ ಹಾಕಿ ಕೊಟ್ಟಿದ್ದು," ಎಂದಳು. "ನಿಮ್ಮ ಮಾವ ಬಂದ್ರು, ಕೇಳಿದ್ರು, ಹಾಕಿದೆ. ನಿನ್ನ ಕೇಳಬೇಕಿತ್ತು, ಕೇಳಲಿಲ್ಲ. ಬೈ ನನ್ನ."

ಮೆಟ್ಟಿಲ ಮೇಲೆ ಕೂತವನೊಬ್ಬ ಇನ್ನೆಷ್ಟು ಹೊತ್ತು ಎಂದು ಕೇಳಿದ.

"ಬೈದ್ರ ಏನ್ ಬರತೈತಕ್ಕ?" ಎಂದಳು ಸೌಜನ್ಯ. "ನಾಳೆ ಮಧ್ಯಾಹ್ನ ಸಹಿ ಆಗತೈತಿ. ಅಷ್ಟರಾಗ ಏನರ ಮಾಡು."

ಉಚ್ಚೆಂಗಮ್ಮ ಮೊದಲು ಜಡೆಪ್ಪನವರ ಫೋನಿನಿಂದ ಸೌಜನ್ಯಳ ಮೇಲನ್ನು ಕಿತ್ತುಹಾಕಿದಳು. ಪಾಸ್‌ವರ್ಡ್ ಬದಲಿಸಿ, ಸದ್ಯಕ್ಕೆಂದು ಬಾಯಿಗೆ ಬಂದ ಅಕ್ಷರ ಅಂಕಿಗಳನ್ನು ಹಾಕಿ ಸೌಜನ್ಯಳ ಫೋನಿನಲ್ಲಿ ತೆರೆದುಕೊಟ್ಟಳು. ಆಮೇಲೆ ಕಂಪನಿಯ ಲೆಟರ್‌ಹೆಡ್ ತೆಗೆದು ಬರೆಯಲು ಕೂತಳು. ಎಂಟು ಸಾಲು ಬರೆಯುವಷ್ಟರಲ್ಲಿ, ಎಂದೂ ಇಲ್ಲದವನು, ಯಲ್ಲೇಶ್ ಹನ್ನೆರಡೂವರೆಗೇ ಬಂದ. ಬರೆದದ್ದನ್ನು ಹೆಗಲ ಮೇಲಿಂದ ಓದಿ ಬೆಚ್ಚಿಬಿದ್ದ.

"ಅಕ್ಕ, ಏನಿದು? ಕನೆಕ್ಷನ್ ಯಾರ ಹೆಸರಾಗೈತೋ ಮೇಲೂ ಅವರ್ದ. ನಮ್ಮ ಫಾರ್ಮಿನಾಗ ಹಂಗ ಐತಿ. ಸಾವ್ಕಾರ್ರು ಕೇಳಿದ್ರು, ನೀ ಕೊಟ್ಟಿ. ತಪ್ಪು ಎಲ್ಲೈತಿ?"

"ತಪ್ಪು ಎಲ್ಲೈತಂದ್ರ ಈ ಹುಡುಗಿ ಮುಖ ನೋಡಿ ಕೇಳು."

ಯಲ್ಲೇಶ್ ನೋಡಲಿಲ್ಲ. ಅವನಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು. "ಅವರ ಮನಿ, ಮಿಲ್ಲು, ಗೋಡೌನು ಸೇರಿ ಏಳು ಕನೆಕ್ಷನ್ ಅದಾವು. ಕಂಪನಿ ಹೆಸರಾಗ ಬರೀಬ್ಯಾಡ. ಸುಮ್ನ ಏನೋ ಟೆಕ್ನಿಕಲ್ ತೊಂದ್ರಿ ಆತು ಅಂತ ಬರಿ."

"ಒಂಬತ್ತು ವರ್ಷ ಬಂದೋರಿಗೆಲ್ಲ ನಾನೂ ಅದನ್ನ ಹೇಳೀನಿ, ಟೆಕ್ನಿಕಲ್ ತೊಂದ್ರಿ ಅಂತ," ಎಂದಳು ಉಚ್ಚೆಂಗಮ್ಮ. "ಯಂತ್ರ ಏನೂ ಮಾಡಿಲ್ಲ. ಮಾಡಿದ್ದು ನಾನು. ಕಂಪನಿ ಹೆಸರು ಬ್ಯಾಡಂದ್ರ ತಗೋ."

ಲೆಟರ್‌ಹೆಡ್ಡನ್ನು ಅವನ ಎದುರಿಗೇ ಹರಿದು, ಬಿಳಿ ಹಾಳೆ ತೆಗೆದು ಮೊದಲಿನಿಂದ ಬರೆದಳು. ಮಾತಂಗ ನೆಟ್ ಆಫೀಸಿನಲ್ಲಿ ಗ್ರಾಹಕರ ಮೇಲ್ ನೋಡಿಕೊಳ್ಳುವ ಉಚ್ಚೆಂಗಮ್ಮ ಎಂಬ ನಾನು ಸೌಜನ್ಯ ಅವರ ಮೇಲನ್ನು ಅವರನ್ನು ಕೇಳದೆ ಬೇರೊಬ್ಬರ ಫೋನಿಗೆ ಹಾಕಿಕೊಟ್ಟೆ, ಕೆಲಸ ಬೇಡ ಎಂಬ ಉತ್ತರ ಆ ಫೋನಿನಿಂದ ಹೋಗಿದೆ, ಸೌಜನ್ಯ ಅವರು ಅದನ್ನು ಬರೆದಿಲ್ಲ, ಓದಿಯೂ ಇಲ್ಲ, ತಪ್ಪು ನನ್ನದು. ಕೆಳಗೆ ಪೂರ್ತಿ ಹೆಸರು, ಮನೆಯ ವಿಳಾಸ, ಸ್ವಂತ ಫೋನ್ ನಂಬರ್ ಬರೆದು ಸಹಿ ಹಾಕಿದಳು. ಬೇರೊಬ್ಬರು ಯಾರು ಎಂದು ಬರೆಯಲಿಲ್ಲ. ಬರೆಯಬೇಕೆಂದು ಕೈ ತುರಿಸುತ್ತಿತ್ತು, ಸೌಜನ್ಯಳೇ ಬೇಡ ಎಂದಳು. ಯಂತ್ರದ ಪಟ್ಟಿಯ ಚಿತ್ರವನ್ನೂ ಸೇರಿಸಿ ಸೌಜನ್ಯ ತನ್ನ ಮೇಲಿನಿಂದಲೇ ಆಸ್ಪತ್ರೆಗೆ ಕಳಿಸಿದಳು, ಫೋನೂ ಮಾಡಿದಳು. ಎರಡನೆಯವರಿಗೆ ಇನ್ನೂ ತಿಳಿಸಿಲ್ಲ, ಮೇಲಧಿಕಾರಿಗಳಿಗೆ ತೋರಿಸುತ್ತೇನೆ, ಮಾತು ಕೊಡಲಾರೆ ಎಂದು ಆ ಮೇಡಂ ಹೇಳಿದರು.

ಶುಕ್ರವಾರ ಬೆಳಗ್ಗೆ ಹತ್ತೂವರೆಗೆ ಜಡೆಪ್ಪ ಬಂದರು. ಬಿಳಿ ಅಂಗಿ, ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಮುಖದಲ್ಲಿ ಕಳವಳದ ಗುರುತೇ ಇಲ್ಲ. ಯಾರಾದರೂ ಎದ್ದು ಜಾಗ ಕೊಡುತ್ತಾರೆ ಎಂದು ಕಾದರು, ಒಬ್ಬ ಎದ್ದ. ಕೂತು ಫೋನನ್ನು ಕೌಂಟರಿನ ಮೇಲಿಟ್ಟರು.

"ಒಂದು ಮೇಲ್ ನಿಂತೈತವ್ವ. ಪಾಸ್‌ವರ್ಡ್ ಕೇಳತೈತಿ. ಕೊಟ್ಟೂರೇಶ, ಮೀಟರ್ ನಂಬರ್ ಎರಡೂ ಹಾಕಿದೆ, ತಗೊಳ್ಳವಲ್ದು."

ಅವರಿಗೆ ನಾಚಿಕೆಯಾಗುತ್ತದೆ, ಕಣ್ಣು ತಪ್ಪಿಸುತ್ತಾರೆ ಎಂದು ಉಚ್ಚೆಂಗಮ್ಮ ರಾತ್ರಿಯೆಲ್ಲ ಅಂದುಕೊಂಡಿದ್ದಳು. ರಿಪೇರಿಗೆ ತಂದಿದ್ದಾರೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಾದರೂ ಕಳ್ಳತನ ಮಾಡಿದ್ದೇನೆಂದು ಬಲ್ಲ. ಇವರಿಗೆ ಅಷ್ಟೂ ಅನ್ನಿಸಿರಲಿಲ್ಲ.

"ಅದು ನಿಂತಿಲ್ರಿ ಸಾವ್ಕಾರ್ರ. ನಾನ ತೆಗ್ದೀನಿ. ಅದು ನಿಮ್ಮ ಸೊಸಿದು."

"ಸೊಸಿ ಯಾರಕಿ? ನಮ್ಮ ಮನೆಯಾಕಿ," ಎಂದರು ಜಡೆಪ್ಪ, ಚಿಕ್ಕ ಮಗುವಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ. "ಕನೆಕ್ಷನ್ ನನ್ನ ಹೆಸರಾಗ, ಬಿಲ್ಲು ನಂದು, ಮೀಟರ್ ನಮ್ದು, ದೇವ್ರು ನಮ್ದು. ಒಳಗಿರೋ ಮೇಲ್ ಯಾರ್ದು ಅಂತ ನೀ ನನಗ ಹೇಳ್ತೀ?"

ಕೂತವರೆಲ್ಲ ಫೋನ್ ಕೆಳಗಿಟ್ಟು ಇತ್ತ ನೋಡಿದರು. ಹಿಂದಿನ ದಿನದ ಗಾಬರಿಗೆ ಆವತ್ತು ಬೆಳಗ್ಗೆಯೇ ಬಂದಿದ್ದ ಯಲ್ಲೇಶ್ ಒಳಗಿನ ಕೋಣೆಯಿಂದ ಬಾಗಿಲವರೆಗೆ ಬಂದು ಅಲ್ಲೇ ನಿಂತ.

"ಅಷ್ಟೂ ನಿಮ್ದ, ಒಪ್ಪೀನಿ," ಎಂದಳು ಉಚ್ಚೆಂಗಮ್ಮ. "ಇಂತಿ ಸೌಜನ್ಯ ಅಂತ ಬರೆಸೀರಲ್ಲ, ಆ ಹೆಸರು ಯಾರ್ದ್ರಿ? ಬ್ಯಾಡ ಅನ್ನೋರು ಇಂತಿ ಜಡೆಪ್ಪ ಅಂತ ಬರೆಸಬೇಕಿತ್ತು. ಆಗ ನಾನೂ ಒಂದು ಮಾತು ಆಡ್ತಿರಲಿಲ್ಲ."

ಜಡೆಪ್ಪನವರ ಕಿವಿ ಕೆಂಪಾಯಿತು. ಆಮೇಲೆ ಫೋನ್ ಎತ್ತಿಕೊಂಡು, ದನಿ ಎತ್ತರಿಸದೆ, ಅವಳಿಗೆ ತಟ್ಟುವಂಥ ಮಾತನ್ನೇ ಆರಿಸಿ ಆಡಿದರು.

"ಭಾಳ ನ್ಯಾಯ ಮಾತಾಡ್ತೀ. ನಾ ಏನ್ ಕದ್ದು ತಗೊಂಡಿದ್ನೇನು? ನೀನ ಹಾಕಿ ಕೊಟ್ಟಿ, ಇದೇ ಕುರ್ಚ್ಯಾಗ ಕುಂದ್ರಿಸಿ."

"ಹೌದ್ರಿ, ನಾನ," ಎಂದಳು ಉಚ್ಚೆಂಗಮ್ಮ. "ಅದಕ್ಕ ನಿನ್ನಿ ಆಸ್ಪತ್ರಿಗೆ ನನ್ನ ಹೆಸರು ಹಾಕಿ, ತಪ್ಪು ನಂದು ಅಂತ ಬರ್ದು ಕೊಟ್ಟೀನಿ. ನೀವು ಮಾಡಿದ್ದು ನೀವು ಬರ್ದು ಕೊಡ್ತೀರೇನು? ಹಾಳಿ ಕೊಡ್ಲಿ?"

ನಿಜವಾಗಿಯೂ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟಳು. ಅದರ ಮೇಲೆ ಪೆನ್ನೂ ಇಟ್ಟಳು. ಜಡೆಪ್ಪ ಎದ್ದು, ಯಲ್ಲೇಶನ ಕಡೆ ತಿರುಗಿ, ಸಂಜೆಯೊಳಗೆ ತಮ್ಮ ಏಳೂ ಕನೆಕ್ಷನ್ ಕಿತ್ತುಕೊಂಡು ಹೋಗಲು ಹೇಳಿ ಮೆಟ್ಟಿಲಿಳಿದರು. ಯಲ್ಲೇಶ್ ಅವರ ಹಿಂದೆ ರಸ್ತೆಯವರೆಗೂ ಓಡಿಹೋಗಿ ಬರಿಗೈಯಲ್ಲಿ ವಾಪಸು ಬಂದ. ಅಂದಿನಿಂದ ಚಹಾ ತರಿಸಿದಾಗ ಉಚ್ಚೆಂಗಮ್ಮನಿಗೊಂದು ಹೇಳುವುದನ್ನು ಬಿಟ್ಟ.

ಹನ್ನೆರಡು ಹೊಡೆಯಿತು, ಒಂದು ಹೊಡೆಯಿತು. ಸೌಜನ್ಯಳ ಫೋನ್ ಬರಲಿಲ್ಲ. ಉಚ್ಚೆಂಗಮ್ಮ ಬಂದವರ ಮೇಲೆಲ್ಲ ಹರಿಹಾಯ್ದಳು. ಪ್ರಿಂಟರಿಗೆ ಒಂದು ಏಟು ಹಾಕಿದಳು. ನಾಲ್ಕು ಗಂಟೆಗೆ ಫೋನ್ ಬಂತು.

"ಸೋಮವಾರದಿಂದ ಬಾ ಅಂದಾರಕ್ಕ," ಎಂದಳು ಸೌಜನ್ಯ. ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು, ದನಿ ಬಹಳ ಸಣ್ಣದಾಗಿತ್ತು. "ಮನ್ಯಾಗ ಗೊತ್ತಾಗೈತಿ. ಮಾವಾರು ಇವತ್ತು ಮಧ್ಯಾಹ್ನದಿಂದ ನನ್ನ ಕೈಯಾಗಿನ ಊಟ ಬಿಟ್ಟಾರ. ಬಿಡ್ಲಿ. ನಾ ಹೋಗ್ತೀನಿ."

"ಬಸವಕುಮಾರ ಏನಂತಾನ?"

"ಏನೂ ಅಂದಿಲ್ಲ. ಬೈಕಿಗೆ ಪೆಟ್ರೋಲ್ ಹಾಕಿಸ್ಕೊಂಡು ಬಂದಾರ."

ಶನಿವಾರ, ಭಾನುವಾರ ಎರಡು ದಿನವೂ ಉಚ್ಚೆಂಗಮ್ಮ ಆಫೀಸಿನಲ್ಲೇ ಕೂತು ಯಂತ್ರದ ಪಟ್ಟಿಯನ್ನು ಸಾಲುಸಾಲಾಗಿ ಓದಿದಳು. ಒಬ್ಬರ ಮೇಲ್ ಇನ್ನೊಬ್ಬರ ಫೋನಿನಲ್ಲಿ ಇರುವ ಮನೆಗಳು ಅರವತ್ತಮೂರು ಸಿಕ್ಕವು. ತಂಗಿಯದು ಅಣ್ಣನ ಫೋನಿನಲ್ಲಿ, ಹೆಂಡತಿಯದು ಗಂಡನ ಫೋನಿನಲ್ಲಿ, ಒಂದು ಮನೆಯಲ್ಲಂತೂ ಅತ್ತೆಯದು ಅಳಿಯನ ಫೋನಿನಲ್ಲಿ. ಹೆಚ್ಚಿನವನ್ನು ಹಾಕಿಕೊಟ್ಟವಳು ಅವಳೇ. ಒಂದೊಂದು ಮನೆಗೂ ಫೋನ್ ಮಾಡಿ, ನಿಮ್ಮ ಮೇಲ್ ಇನ್ನೊಬ್ಬರ ಹತ್ತಿರವೂ ಇದೆ, ಬಂದು ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಿದಳು. ಇರಲಿ ಬಿಡಕ್ಕ, ನಮ್ಮ ಮನೆಯವರೇ ಅಲ್ಲವೇ ಎಂದರು ಸುಮಾರು ಜನ. ಹಾಗೆ ಅಂದ ಹೆಂಗಸರ ಮೇಲೂ ಅವಳಿಗೆ ಸಿಟ್ಟು ಬಂತು. ಗುರುವಾರದವರೆಗೂ ತಾನು ಹಾಗೇ ಅನ್ನುತ್ತಿದ್ದೆನಲ್ಲ ಎಂದು ನೆನೆದಾಗ ಇನ್ನೂ ಹೆಚ್ಚು ಬಂತು.

ಸೋಮವಾರ ಅವಳು ಎಂಟಕ್ಕೇ ಷಟರ್ ಎತ್ತಿದಳು. ಸಂಡೂರಿನ ಬಸ್ಸಿಗೆ ಹೊರಟ ಸೌಜನ್ಯ ದಾರಿಯಲ್ಲಿ ಬಂದು ಸದ್ಯಕ್ಕೆಂದು ಹಾಕಿದ್ದ ಪಾಸ್‌ವರ್ಡ್ ಬದಲಿಸಿಕೊಂಡು ಹೋಗಬೇಕೆಂದು ಮಾತಾಗಿತ್ತು. ಅವಳು ಹೆಗಲಿಗೆ ಚೀಲ ಹಾಕಿಕೊಂಡು, ಊಟದ ಡಬ್ಬಿ ಹಿಡಿದು ಬಂದಳು. ರಸ್ತೆಯಾಚೆ ಬಸವಕುಮಾರ ಬೈಕಿನ ಮೇಲೆ ಕೂತು ಬೇರೆಲ್ಲೋ ನೋಡುತ್ತಿದ್ದ.

ಉಚ್ಚೆಂಗಮ್ಮ ಪುಟ ತೆರೆದು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದಳು. "ಹಳೇದು ನಾ ಹಾಕೀನಿ. ಇಲ್ಲಿ ಹೊಸಾದು ಹಾಕು, ಕೆಳಗ ಇನ್ನೊಂದ್ಸಲ ಅದನ್ನ ಹಾಕು. ದೇವ್ರು ದಿಂಡ್ರು ಬ್ಯಾಡ. ದೊಡ್ಡ ಅಕ್ಷರ ಒಂದು ಇರಬೇಕು, ಹಂಗಲ್ಲ, ಇಲ್ಲಿ ಒತ್ತು," ಎನ್ನುತ್ತಾ ರೂಢಿಯಂತೆ ಮುಂದೆ ಬಾಗಿದಳು.

ಸೌಜನ್ಯ ಕೀಬೋರ್ಡಿನಿಂದ ಕೈ ಹಿಂದಕ್ಕೆ ತೆಗೆದಳು.

"ಅಕ್ಕ, ನೀವು ಆ ಕಡಿ ತಿರುಗ್ರಿ," ಎಂದಳು.

ಮೊನ್ನೆಯವರೆಗೂ ನೀನು ಎನ್ನುತ್ತಿದ್ದ ಹುಡುಗಿ. ಒಂಬತ್ತು ವರ್ಷದಲ್ಲಿ ಆ ಕೌಂಟರಿನಲ್ಲಿ ಉಚ್ಚೆಂಗಮ್ಮನಿಗೆ ಯಾರೂ ಹೀಗೆ ಹೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ನಿನಗೋಸ್ಕರ ಸಾವ್ಕಾರರನ್ನು ಎದುರು ಹಾಕಿಕೊಂಡೆ, ಮಾಲೀಕನ ಮೇಲೆ ಹರಿಹಾಯ್ದೆ, ನನ್ನ ಹೆಸರನ್ನೇ ಬರೆದುಕೊಟ್ಟೆ ಎಂಬ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದು ನಿಂತವು. ಸೌಜನ್ಯ ಕಾಯುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ, ಕ್ಷಮಿಸಿದ ಗುರುತೂ ಇರಲಿಲ್ಲ.

ಉಚ್ಚೆಂಗಮ್ಮ ಕುರ್ಚಿ ಸಮೇತ ಗೋಡೆಯ ಕಡೆ ತಿರುಗಿದಳು. ಬೆನ್ನ ಹಿಂದೆ ಹುಡುಗಿ ಒಂದೊಂದೇ ಅಕ್ಷರ ಒತ್ತುವುದು ಕೇಳುತ್ತಿತ್ತು. ಆಯ್ತು ಎನ್ನುವವರೆಗೂ ಅವಳು ಹೊರಳಿ ನೋಡಲಿಲ್ಲ.

"ಇನ್ನ ಅದು ನನಗೂ ಗೊತ್ತಿರಂಗಿಲ್ಲ," ಎಂದಳು, ಗೋಡೆಯನ್ನೇ ನೋಡುತ್ತಾ. "ಮರತ್ರ ನನ್ನ ಹತ್ರ ಬಂದು ಕೇಳಬ್ಯಾಡ."

"ಕೇಳಂಗಿಲ್ರಿ," ಎಂದು ಸೌಜನ್ಯ ಊಟದ ಡಬ್ಬಿ ಎತ್ತಿಕೊಂಡು ಹೊರಟಳು.